ಗೋಲ್‌ಕೀಪರ್ ಗೆದ್ದರೆ ಕೋಚ್‌ಗೆ ಎಷ್ಟು ಪಾಲು?

ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ಐಸ್ ಹಾಕಿಯಲ್ಲಿ ಜೋರಾದ ಹೊಡೆತ ಅಂದರೆ ಗಂಟೆಗೆ 145 ಕಿಲೋಮೀಟರ್ ಅಂತಿಟ್ಟುಕೊಳ್ಳಿ. ಹೊಡೆಯುವವನು ಗೋಲ್‌ನಿಂದ 9 ಮೀಟರ್ ದೂರದಲ್ಲಿದ್ದಾನೆ. ಪಕ್ ಗೋಲ್ ತಲುಪಲು ಎಷ್ಟು ಹೊತ್ತು ಬೇಕು? ಸುಮಾರು 0.22 ಸೆಕೆಂಡ್. ಕಣ್ಣು ನೋಡಿದ್ದು ಕೈಗೆ ಗೊತ್ತಾಗಿ ಕೈ ಅಲ್ಲಾಡಲು ಶುರುವಾಗುವುದಕ್ಕೇ 0.2 ಸೆಕೆಂಡ್ ಹತ್ತಿರ ಹೋಗುತ್ತದೆ. ಉಳಿದ ಚೂರು ಸಮಯದಲ್ಲಿ ಯಾರೂ ಹಾರಿ ಹಿಡಿಯಲಾರರು.

ಪಕ್ ಅಂದರೆ 170 ಗ್ರಾಂ ತೂಕದ ಗಟ್ಟಿ ರಬ್ಬರ್ ಬಿಲ್ಲೆ. ಐಸ್ ಮೇಲೆ ಪುಟಿಯದಿರಲಿ ಅಂತ ಪಂದ್ಯಕ್ಕೆ ಮುಂಚೆ ಫ್ರೀಜರ್‌ನಲ್ಲಿ ಇಟ್ಟಿರುತ್ತಾರೆ. ಗೋಲ್ 6 ಅಡಿ ಅಗಲ, 4 ಅಡಿ ಎತ್ತರ. ಅದರ ಮುಂದೆ ನಿಂತವನು ತಡೆಯುವ ಹೊಡೆತಗಳಲ್ಲಿ ಬಹುಪಾಲು ಅವನು ಆಗಲೇ ಸರಿಯಾದ ಜಾಗದಲ್ಲಿ ನಿಂತಿದ್ದಕ್ಕೆ ತಡೆದವು. ಟಿವಿಯಲ್ಲಿ ಪದೇ ಪದೇ ತೋರಿಸುವ ಕೈಚಳಕ ಇದೆಯಲ್ಲ, ಅದು ಎಷ್ಟೋ ಸಲ ಜಾಗ ತಪ್ಪಿದ ಮೇಲೆ ಮಾಡಿಕೊಂಡ ರಿಪೇರಿ.

ಇದನ್ನು ಯಾಕೆ ಮೊದಲೇ ಹೇಳಿದೆ ಅಂದರೆ, ಕೋಚ್‌ನಿಂದ ಏನಾಗುತ್ತದೆ, ಏನಾಗಲ್ಲ ಅನ್ನುವುದು ಇಲ್ಲೇ ಅರ್ಧ ತೀರ್ಮಾನವಾಗುತ್ತದೆ. 0.2 ಸೆಕೆಂಡನ್ನು 0.1 ಮಾಡುವ ಕೋಚ್ ಹುಟ್ಟಿಲ್ಲ. ಎಲ್ಲಿ ನಿಲ್ಲಬೇಕು, ಅಲ್ಲಿಗೆ ಹೇಗೆ ಜಾರಬೇಕು, ಪಕ್ ಎಲ್ಲಿಂದ ಬರಬಹುದು ಅನ್ನುವುದನ್ನು ಮಾತ್ರ ಹೇಳಿಕೊಡಬಹುದು.

ನಾನು ಕೋಚ್ ಅಲ್ಲ. ಅಂಕಿಅಂಶ ನನ್ನ ಹೊಟ್ಟೆಪಾಡು. ಮಗಳು ಗೋಲ್‌ನಲ್ಲಿ ನಿಲ್ಲುತ್ತೀನಿ ಅಂತ ಹಟ ಹಿಡಿದಳು, ನಾನು ರಿಂಕ್ ಬೆಂಚಿನ ಮೇಲೆ ಕೂತು ಲೆಕ್ಕ ಬರೆಯುವುದಕ್ಕೆ ಶುರು ಮಾಡಿದೆ. ಟೊರೊಂಟೊ ಕಡೆ ನಮ್ಮ ಕನ್ನಡದ ಮನೆಗಳಲ್ಲೂ ಈಗ ಹಾಕಿ ಬ್ಯಾಗ್ ಬಾಗಿಲ ಹತ್ತಿರ ನಾರುತ್ತಾ ಬಿದ್ದಿರುತ್ತದೆ. ಗೋಲ್‌ಕೀಪರ್ ಕೋಚ್‌ಗೆ ಅಂತ ಬೇರೆ ದುಡ್ಡು ಕೊಡುವವರೂ ನಿಮ್ಮಲ್ಲಿ ಇದ್ದೀರಿ. ಹಾಗಾಗಿ ಇದು ಸುಮ್ನೆ ಹರಟೆಯ ಪ್ರಶ್ನೆ ಅಲ್ಲ.

ಕೇರಿ ಪ್ರೈಸ್ ಕತೆಯಿಂದ ಹೊರಡೋಣ. ಅಮೆರಿಕ, ಕೆನಡಾಗಳ ದೊಡ್ಡ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಮಾಂಟ್ರಿಯಲ್ ಕೆನೇಡಿಯನ್ಸ್ ತಂಡದ ಗೋಲ್‌ಕೀಪರ್ ಆಗಿದ್ದವರು. 2012-13ರಲ್ಲಿ ಅವರ ಸೇವ್ ಪರ್ಸೆಂಟೇಜ್ .905. ಅಂದರೆ 1000 ಹೊಡೆತಗಳಲ್ಲಿ 905 ತಡೆದರು, ಅಷ್ಟೇ. ಆ ಮಟ್ಟದಲ್ಲಿ ಅದು ಹೇಳಿಕೊಳ್ಳುವಂಥ ಅಂಕಿ ಅಲ್ಲ. 2013ರಲ್ಲಿ ತಂಡ ಗೋಲ್‌ಕೀಪರ್ ಕೋಚ್‌ನ್ನು ಬದಲಿಸಿತು. ಹೊಸದಾಗಿ ಬಂದವರು ಸ್ಟೀಫನ್ ವೇಟ್. ಅವರು ಶಿಕಾಗೊ ತಂಡದಲ್ಲಿದ್ದಾಗ ಆ ತಂಡ 2010 ಮತ್ತು 2013ರಲ್ಲಿ, ಬೇರೆ ಬೇರೆ ಗೋಲ್‌ಕೀಪರ್‌ಗಳನ್ನು ಇಟ್ಟುಕೊಂಡು, ಲೀಗ್‌ನ ಚಾಂಪಿಯನ್‌ಗೆ ಕೊಡುವ ಸ್ಟ್ಯಾನ್ಲಿ ಕಪ್ ಗೆದ್ದಿತ್ತು. ಪ್ರೈಸ್ ಅಂಕಿ ಮರುವರ್ಷ .927ಕ್ಕೆ ಏರಿತು. ಅದರ ಮರುವರ್ಷ .933, 44 ಗೆಲುವು. ಅತ್ಯುತ್ತಮ ಗೋಲ್‌ಕೀಪರ್‌ಗೆ ಕೊಡುವ ವೆಜಿನಾ ಟ್ರೋಫಿಯೂ ಬಂತು, ಇಡೀ ಲೀಗ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿಯೂ ಬಂತು. ಎಲ್ಲರೂ ವೇಟ್ ಅವರನ್ನು ಹೊಗಳಿದರು.

ಈಗ 2021ಕ್ಕೆ ಬನ್ನಿ. ಅದೇ ಪ್ರೈಸ್, ಅದೇ ವೇಟ್. ಅಂಕಿ .900ಕ್ಕಿಂತ ಕೆಳಗೆ ಬಿದ್ದಿತ್ತು. ಮಾರ್ಚ್ 2ರಂದು ಒಟ್ಟಾವಾ ವಿರುದ್ಧ ಪಂದ್ಯ ಗೆದ್ದರು. ಗೆದ್ದ ರಾತ್ರಿಯೇ ವೇಟ್ ಅವರನ್ನು ತೆಗೆದುಹಾಕಿದರು! ಆ ಜಾಗಕ್ಕೆ ಶಾನ್ ಬರ್ಕ್ ಬಂದರು. ಆ ಬೇಸಿಗೆ ಪ್ರೈಸ್ ಮತ್ತೆ ಗೋಡೆಯ ಹಾಗೆ ನಿಂತರು, ತಂಡ ಫೈನಲ್‌ವರೆಗೆ ಹೋಯಿತು. ದಾರಿಯಲ್ಲಿ ಯಾರನ್ನು ಸೋಲಿಸಿದರು ಅಂತ ನಿಮಗೆ ಚೆನ್ನಾಗಿ ನೆನಪಿದೆ, ಅಲ್ವಾ? ನಮ್ಮ ಟೊರೊಂಟೊ ಮೇಪಲ್ ಲೀಫ್ಸ್ ಸರಣಿಯಲ್ಲಿ 3-1 ಮುಂದಿದ್ದು ಸೋತಿತು. ಆ ಗಾಯ ಈಗ ಕೆದಕುವುದು ಬೇಡ.

ಹಾಗಾದರೆ ವೇಟ್ ಒಳ್ಳೆಯ ಕೋಚೋ ಕೆಟ್ಟ ಕೋಚೋ? 2013ರಲ್ಲಿ ಕಲಿಸಲು ಬರುತ್ತಿದ್ದವರಿಗೆ 2021ರಲ್ಲಿ ಮರೆತುಹೋಯಿತೇ?

ಇಲ್ಲಿ ಒಂದು ವಿಷಯ ಗಮನಿಸಿ. ತಂಡಗಳು ಕೋಚ್‌ನ್ನು ಬದಲಿಸುವುದು ಯಾವಾಗ? ಗೋಲ್‌ಕೀಪರ್ ಪಾತಾಳ ಸೇರಿದಾಗ. ಚೆನ್ನಾಗಿ ಆಡುತ್ತಿರುವಾಗ ಯಾರೂ ಬದಲಿಸಲ್ಲ. ಪಾತಾಳದಿಂದ ಮುಂದೆ ಹೋಗುವ ದಾರಿ ಜಾಸ್ತಿ ಮೇಲಕ್ಕೇ. ನಮ್ಮೂರುಗಳಲ್ಲಿ ಮಳೆ ಹೋದಾಗ ಕಪ್ಪೆ ಮದುವೆ ಮಾಡಿಸುತ್ತಾರೆ. ಕಪ್ಪೆ ಮದುವೆ ಮಾಡಿಸುವುದೇ ತಿಂಗಳುಗಟ್ಟಲೆ ಒಣಗಿದ ಮೇಲೆ. ವಾರದಲ್ಲಿ ಮಳೆ ಬಂದರೆ ಯಶಸ್ಸು ಕಪ್ಪೆಗೆ. ಹೊಸ ಗೋಲ್‌ಕೀಪರ್ ಕೋಚ್‌ಗೆ ಸಿಗುವ ಹೊಗಳಿಕೆಯಲ್ಲಿ ದೊಡ್ಡ ಪಾಲು ಈ ಜಾತಿಯದು.

ಅದೃಷ್ಟ ಎಷ್ಟು ದೊಡ್ಡದು ಅಂತ ಅಂಕಿಯಲ್ಲೇ ನೋಡೋಣ. ಒಬ್ಬ ಮುಖ್ಯ ಗೋಲ್‌ಕೀಪರ್ ಒಂದು ಸೀಸನ್‌ನಲ್ಲಿ 1600 ಹೊಡೆತ ಎದುರಿಸುತ್ತಾನೆ ಅಂತಿಟ್ಟುಕೊಳ್ಳಿ. ಅವನ ನಿಜವಾದ ಸಾಮರ್ಥ್ಯ ಸರಿಯಾಗಿ .900. ಅಂದರೆ 160 ಗೋಲು ಬಿಡಬೇಕು. ಇನ್ನೇನೂ ಬದಲಾಗದೆ, ಬರೀ ಅದೃಷ್ಟದಿಂದ, ಈ 160 ಎಷ್ಟು ಹಿಂದೆ ಮುಂದೆ ಆಗಬಹುದು? ಲೆಕ್ಕಶಾಸ್ತ್ರದ ಪ್ರಕಾರ ಸುಮಾರು 12. ಮೂರು ವರ್ಷಗಳಲ್ಲಿ ಎರಡು ವರ್ಷ ಅವನು 148ರಿಂದ 172ರ ಒಳಗೆ ಇರುತ್ತಾನೆ, ಉಳಿದ ಒಂದು ವರ್ಷ ಅದರ ಹೊರಗೂ ಹೋಗುತ್ತಾನೆ. 148 ಬಿಟ್ಟರೆ ಅವನ ಅಂಕಿ .907 ಆಗುತ್ತದೆ. 172 ಬಿಟ್ಟರೆ .893ಕ್ಕಿಂತ ಚೂರು ಕಡಿಮೆ. .907 ಇದ್ದವನಿಗೆ ಹೊಸ ಒಪ್ಪಂದ, .893 ಇದ್ದವನ ಕೋಚ್‌ಗೆ ಗೇಟ್ ಪಾಸ್. ಇಬ್ಬರೂ ಒಬ್ಬನೇ ಮನುಷ್ಯ!

ಒಳ್ಳೆಯ ಕೋಚ್‌ನಿಂದ ಎನ್‌ಎಚ್‌ಎಲ್ ಮಟ್ಟದಲ್ಲಿ ಸೀಸನ್‌ಗೆ ಎಷ್ಟು ಗೋಲು ಉಳಿಯಬಹುದು? ನನ್ನ ಅಂದಾಜು ಐದು, ಭಾಗ್ಯ ಇದ್ದರೆ ಹತ್ತು. ಇದು ಅಂದಾಜು, ಅಷ್ಟೇ. ಆದರೆ ಹತ್ತೇ ಅಂದುಕೊಂಡರೂ ಅದೃಷ್ಟದ 12ರ ಗದ್ದಲದಲ್ಲಿ ಅದು ಒಂದು ವರ್ಷದಲ್ಲಿ ಕಾಣಿಸಲ್ಲ. ಕೋಚಿಂಗ್ ಕೆಲಸ ಮಾಡಲ್ಲ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಕೇಳಿಸಿಕೊಳ್ಳಬೇಡಿ. ಒಬ್ಬ ಗೋಲ್‌ಕೀಪರ್‌ನ ಒಂದು ವರ್ಷ ನೋಡಿ ಅದು ಗೊತ್ತಾಗಲ್ಲ ಅಂತ ಹೇಳುತ್ತಿದ್ದೇನೆ.

ಅದೃಷ್ಟದ ಜೊತೆಗೆ ಗೋಲ್‌ಕೀಪರ್ ಮುಂದೆ ನಿಂತ ಅವನದೇ ತಂಡದ ಐದು ಜನರೂ ಇದ್ದಾರೆ. ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡ 2017-18ರಲ್ಲಿ ಇಡೀ ಲೀಗ್‌ನಲ್ಲೇ ಅತಿ ಹೆಚ್ಚು ಗೋಲು ಬಿಟ್ಟಿತು. 2018-19ರಲ್ಲಿ ಅತಿ ಕಡಿಮೆ ಗೋಲು ಬಿಟ್ಟಿತು. ಎಲ್ಲರಿಗಿಂತ ಕೆಳಗಿದ್ದವರು ಒಂದೇ ವರ್ಷದಲ್ಲಿ ಎಲ್ಲರಿಗಿಂತ ಮೇಲೆ. ಅದೂ ಅವರ ನಾಯಕ ಜಾನ್ ತವಾರೆಸ್ ತಂಡ ಬಿಟ್ಟು ನಮ್ಮ ಟೊರೊಂಟೊಗೆ ಬಂದ ವರ್ಷ. ಗೋಲ್‌ಕೀಪರ್‌ಗಳನ್ನು ನೋಡಿಕೊಳ್ಳಲು ಮಿಚ್ ಕಾರ್ನ್ ಮತ್ತು ಪಿಯೆರೊ ಗ್ರೆಕೊ ಹೊಸದಾಗಿ ಬಂದಿದ್ದರು. ಥಾಮಸ್ ಗ್ರೈಸ್ ಅಲ್ಲೇ ಇದ್ದ ಹಳೆಯ ಗೋಲ್‌ಕೀಪರ್. ಅವರ ಅಂಕಿ .892ರಿಂದ .927ಕ್ಕೆ ಹಾರಿತು. ಇದಕ್ಕಿಂತ ಸಾಕ್ಷಿ ಬೇಕಾ ಅನ್ನಿಸುತ್ತದೆ.

ಸ್ವಲ್ಪ ತಾಳಿ. ಅದೇ ವರ್ಷ ಮುಖ್ಯ ಕೋಚ್ ಆಗಿ ಬ್ಯಾರಿ ಟ್ರಾಟ್ಜ್ ಬಂದರು. ತಂಡ ರಕ್ಷಣೆ ಆಡುವ ರೀತಿಯನ್ನೇ ಬುಡಮೇಲು ಮಾಡಿದರು, ಗೋಲ್ ಎದುರಿನ ಅಪಾಯದ ಜಾಗದಿಂದ ಎದುರಾಳಿಗಳನ್ನು ಹೊರಗೆ ತಳ್ಳಿದರು. ಇನ್ನೊಬ್ಬ ಗೋಲ್‌ಕೀಪರ್ ರಾಬಿನ್ ಲೆಹ್ನರ್ ಕುಡಿತ ಬಿಟ್ಟು, ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ತೆಗೆದುಕೊಂಡು ಹೊಸ ಮನುಷ್ಯನಾಗಿ ಬಂದಿದ್ದರು. ಅದನ್ನು ಅವರೇ ಬಹಿರಂಗವಾಗಿ ಬರೆದುಕೊಂಡಿದ್ದಾರೆ. ಅವರಿಗೆ .930 ಬಂತು. ಇದರಲ್ಲಿ ಕಾರ್ನ್, ಗ್ರೆಕೊ ಪಾಲೆಷ್ಟು, ಟ್ರಾಟ್ಜ್ ಪಾಲೆಷ್ಟು, ಕುಡಿತ ಬಿಟ್ಟಿದ್ದರ ಪಾಲೆಷ್ಟು? ಬಿಡಿಸಿ ಹೇಳಲು ಸಾಧ್ಯವೇ ಇಲ್ಲ.

ಮುಂದಿನವರು ಎಷ್ಟು ಮುಖ್ಯ ಅನ್ನುವುದಕ್ಕೆ ಒಂದು ತಮಾಷೆಯ ಪುರಾವೆ ಇದೇ ಟೊರೊಂಟೊದಲ್ಲಿ ಸಿಕ್ಕಿತು. 2020ರ ಫೆಬ್ರವರಿ 22. ಕ್ಯಾರೊಲಿನಾ ತಂಡದ ಇಬ್ಬರೂ ಗೋಲ್‌ಕೀಪರ್‌ಗಳಿಗೆ ಗಾಯ. ತುರ್ತಿಗೆ ಅಂತ ಇಟ್ಟಿದ್ದ ಡೇವಿಡ್ ಏರ್ಸ್ ಕಣಕ್ಕಿಳಿದರು. ವಯಸ್ಸು 42, ಐಸ್ ನಯ ಮಾಡುವ ಜಾಂಬೋನಿ ಗಾಡಿ ಓಡಿಸುತ್ತಿದ್ದವರು, ಕಿಡ್ನಿ ಕಸಿ ಮಾಡಿಸಿಕೊಂಡವರು. ಮೊದಲ ಎರಡು ಹೊಡೆತವೂ ಒಳಗೆ! ಆಮೇಲೆ ಬಂದ ಎಂಟನ್ನೂ ತಡೆದರು. ಕ್ಯಾರೊಲಿನಾ 6-3ರಿಂದ ಗೆದ್ದಿತು. ಸುಮಾರು 29 ನಿಮಿಷದಲ್ಲಿ ಬರೀ 10 ಹೊಡೆತ. ಅವರ ಮುಂದಿದ್ದವರು ಲೀಫ್ಸ್‌ಗೆ ಪಕ್ ಹೊಡೆಯಲು ಬಿಟ್ಟಿದ್ದೇ ಅಷ್ಟು. ಏರ್ಸ್ ಅವರ ಧೈರ್ಯಕ್ಕೆ ಕೈ ಮುಗಿಯುತ್ತೇನೆ. ಆದರೆ ಆ ರಾತ್ರಿ ಗೆದ್ದಿದ್ದು ಡಿಫೆನ್ಸ್.

ಅಂದ ಮೇಲೆ ಕೋಚ್ ನಿಜವಾಗಿ ಏನಾದರೂ ಮಾಡಿದ್ದಾರೆ ಅಂತ ಹೇಗೆ ಗೊತ್ತುಮಾಡಿಕೊಳ್ಳುವುದು? ನಾನು ಒಂದೇ ಪರೀಕ್ಷೆ ಇಡುತ್ತೇನೆ. ಗೋಲ್‌ಕೀಪರ್‌ಗಳು ಬದಲಾಗಬೇಕು, ವರ್ಷಗಳು ಉರುಳಬೇಕು, ಕೋಚ್ ಮಾತ್ರ ಅವರೇ ಇರಬೇಕು. ಆಗಲೂ ಫಲಿತಾಂಶ ನಿಂತರೆ ನಂಬುತ್ತೇನೆ.

ಈ ಪರೀಕ್ಷೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಪಾಸಾಗುವವರು ಬೆನ್ವಾ ಅಲೇರ್. 2004ರಲ್ಲಿ ನ್ಯೂಯಾರ್ಕ್ ರೇಂಜರ್ಸ್ ಸೇರಿದರು. ಅದಕ್ಕೆ ಮುಂಚೆ ಫೀನಿಕ್ಸ್‌ನಲ್ಲಿದ್ದರು. ಅಲ್ಲಿ ಅವರ ಕೈಕೆಳಗೆ ಆಡಿದವರಲ್ಲಿ ಒಬ್ಬರು ಶಾನ್ ಬರ್ಕ್. ಹೌದು, ಆಗಲೇ ಹೇಳಿದೆನಲ್ಲ, ಪ್ರೈಸ್ ಕತೆಯಲ್ಲಿ ಬಂದ ಅದೇ ಬರ್ಕ್. ರೇಂಜರ್ಸ್‌ನಲ್ಲಿ ಅಲೇರ್‌ಗೆ ಸಿಕ್ಕಿದ್ದು ಹೆನ್ರಿಕ್ ಲುಂಡ್‌ಕ್ವಿಸ್ಟ್. ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2000ದಲ್ಲಿ, 205ನೆಯವರಾಗಿ ಆಯ್ಕೆಯಾದ ಸ್ವೀಡನ್ ಹುಡುಗ. 459 ಪಂದ್ಯ ಗೆದ್ದು ಹಾಲ್ ಆಫ್ ಫೇಮ್ ಸೇರಿದರು. ಅವರ ಹಿಂದೆ ಕೂತಿದ್ದ ಕ್ಯಾಮ್ ಟಾಲ್ಬಟ್‌ನ್ನು ಡ್ರಾಫ್ಟ್‌ನಲ್ಲಿ ಯಾರೂ ಆರಿಸಿರಲಿಲ್ಲ. 2014-15ರಲ್ಲಿ ಲುಂಡ್‌ಕ್ವಿಸ್ಟ್ ಗಂಟಲಿಗೆ ಪೆಟ್ಟು ಬಿದ್ದು ಕೂತಾಗ ಟಾಲ್ಬಟ್ ನಿಂತರು, ತಂಡ ಆ ವರ್ಷ ಲೀಗ್‌ನಲ್ಲಿ ಮೊದಲ ಸ್ಥಾನದಲ್ಲಿ ಮುಗಿಸಿತು. ಆಮೇಲೆ ಆಂಟಿ ರಾಂಟ, ಆಮೇಲೆ ಇಗೊರ್ ಶೆಸ್ಟರ್ಕಿನ್. ಶೆಸ್ಟರ್ಕಿನ್‌ಗೆ 2022ರಲ್ಲಿ ವೆಜಿನಾ. ಇಷ್ಟು ಜನ, ಇಷ್ಟು ವರ್ಷ. ಇದನ್ನು ಅದೃಷ್ಟ ಅಂತ ಕೈ ತೊಳೆದುಕೊಳ್ಳಲು ನನ್ನಿಂದ ಆಗಲ್ಲ.

ಅವರು ಮಾಡಿದ್ದೇನು? ಲುಂಡ್‌ಕ್ವಿಸ್ಟ್ ಆಟದ ಹಳೆಯ ವಿಡಿಯೊ ಹಾಕಿ ನೋಡಿ. ಅವರು ಗೋಲ್ ಒಳಗೇ ಅಂಟಿಕೊಂಡ ಹಾಗೆ ಹಿಂದೆ ನಿಂತಿರುತ್ತಾರೆ. ಹೊಡೆಯುವವನ ಕಡೆಗೆ ಮುಂದೆ ಬಂದು ಕೋನ ಮುಚ್ಚು ಅನ್ನುವುದು ಹಳೆಯ ಪಾಠ. ಮುಂದೆ ಬಂದಷ್ಟೂ ನೀನು ದೊಡ್ಡದಾಗಿ ಕಾಣುತ್ತೀಯ, ಗೋಲ್ ಚಿಕ್ಕದಾಗುತ್ತದೆ ಅಂತ. ನೇರ ಹೊಡೆತಕ್ಕೆ ಅದು ಸರಿ. ಆದರೆ ಅವನು ಹೊಡೆಯದೆ ಆ ಬದಿಯ ಗೆಳೆಯನಿಗೆ ಪಾಸ್ ಕೊಟ್ಟರೆ?

ಲೆಕ್ಕ ಹಾಕಿ. ಗೋಲ್‌ನಿಂದ 6 ಅಡಿ ಮುಂದೆ ನಿಂತವನು ಕಾಲು ಸುತ್ತು ತಿರುಗಿ ಆ ಬದಿಗೆ ಹೋಗಬೇಕಾದರೆ ಸುಮಾರು ಒಂಬತ್ತೂವರೆ ಅಡಿ ಜಾರಬೇಕು. 3 ಅಡಿ ಮುಂದೆ ನಿಂತವನಿಗೆ ಅದರ ಅರ್ಧ ಸಾಕು. ಮೈಮೇಲೆ ಅಷ್ಟು ದಪ್ಪ ಪ್ಯಾಡ್ ಕಟ್ಟಿಕೊಂಡು, ಕಣ್ಣು ಮಿಟುಕಿಸುವುದರಲ್ಲಿ ಆ ದೂರ ದಾಟಬೇಕು. ಹಿಂದೆ ನಿಂತವನು ಒಂದು ತಳ್ಳಿಗೆ ತಲುಪುತ್ತಾನೆ. ಮುಂದೆ ನಿಂತವನು ಹೊರಳಾಡುತ್ತಾ ತಲುಪುತ್ತಾನೆ, ಅಷ್ಟರಲ್ಲಿ ಪಕ್ ಒಳಗೆ. ಹಿಂದೆ ನಿಂತರೆ ನೇರ ಹೊಡೆತಕ್ಕೆ ಮೂಲೆಗಳು ಸ್ವಲ್ಪ ತೆರೆದಿರುತ್ತವೆ, ಅದು ನಿಜ. ಲುಂಡ್‌ಕ್ವಿಸ್ಟ್ ಕೈ ಅಷ್ಟು ಚುರುಕು, ಆ ನಷ್ಟ ಅವರಿಗೆ ತಾಳುತ್ತಿತ್ತು. ಕೋಚ್‌ನ ಜಾಣತನ ಇರುವುದು ಇಲ್ಲೇ. ಈ ಹುಡುಗನ ಹತ್ತಿರ ಏನು ಜಾಸ್ತಿ ಇದೆ ಅಂತ ನೋಡಿ, ಅದಕ್ಕೆ ತಕ್ಕ ಜಾಗದಲ್ಲಿ ನಿಲ್ಲಿಸುವುದು. ಕೈ ಚುರುಕಿಲ್ಲದವನನ್ನು ಅಲ್ಲೇ ನಿಲ್ಲಿಸಿದರೆ ಪಂದ್ಯಕ್ಕೆ ಐದು ಗೋಲು ತಿಂದು ಬರುತ್ತಾನೆ.

ಮಿಚ್ ಕಾರ್ನ್ ಅವರದು ಇನ್ನೊಂದು ದಾರಿ. ಬಿಳಿ ಐಸ್ ಮೇಲೆ ಬಿಳಿ ಪಕ್ ಹೊಡೆಸುತ್ತಾರೆ. ಕಾಣುವುದೇ ಕಷ್ಟ, ಹಾಗಾಗಿ ಕಣ್ಣು ಸ್ಟಿಕ್ ತುದಿಯಿಂದಲೇ ಅದನ್ನು ಹಿಡಿದುಕೊಳ್ಳಬೇಕು. ಮಾಮೂಲಿಗಿಂತ ಚಿಕ್ಕ ಪಕ್‌ಗಳನ್ನೂ ಬಳಸುತ್ತಾರೆ. ಆಮೇಲೆ ಕಪ್ಪು ಪಕ್ ಬಂದಾಗ ತಟ್ಟೆಯಷ್ಟು ದೊಡ್ಡದಾಗಿ ಕಾಣಬೇಕು ಅನ್ನುವ ಯೋಚನೆ. ಕಲಿಸುವುದು ಅಂದರೆ ನನಗೆ ಇಷ್ಟವಾಗುವುದು ಈ ತರಹದ್ದು. ಭಾಷಣ ಇಲ್ಲ, ಐಸ್ ಮೇಲೆ ಮಾಡಿ ನೋಡುವ ಕೆಲಸ.

ಈ ಕಾರ್ನ್ ಹಿಂದೆ ಬಫಲೊ ತಂಡದಲ್ಲಿದ್ದರು. ಅಲ್ಲಿ ಅವರಿಗೆ ಸಿಕ್ಕವರು ಡೊಮಿನಿಕ್ ಹಾಶೆಕ್. ಆಹಾ, ಹಾಶೆಕ್! ಪುಸ್ತಕದಲ್ಲಿ ಏನೇನು ಮಾಡಬಾರದು ಅಂತ ಇದೆಯೋ ಅದನ್ನೆಲ್ಲ ಮಾಡಿದ ಮನುಷ್ಯ. ಬೆನ್ನ ಮೇಲೆ ಬಿದ್ದು ಉರುಳುತ್ತಿದ್ದರು. ಕೈಯಲ್ಲಿದ್ದ ಸ್ಟಿಕ್ ಬಿಸಾಕಿ ಅದೇ ಕೈಯಲ್ಲಿ ಪಕ್ ಬಾಚಿಕೊಳ್ಳುತ್ತಿದ್ದರು. 1983ರ ಡ್ರಾಫ್ಟ್‌ನಲ್ಲಿ 199ನೆಯವರು. ಶಿಕಾಗೊ ಅವರನ್ನು ಇಟ್ಟುಕೊಳ್ಳದೆ 1992ರಲ್ಲಿ ಬಫಲೊಗೆ ಕೊಟ್ಟಿತು. 1993-94ರಲ್ಲಿ ಅಲ್ಲಿನ ಮುಖ್ಯ ಗೋಲ್‌ಕೀಪರ್‌ಗೆ ಗಾಯವಾಗಿ ಇವರಿಗೆ ಜಾಗ ಸಿಕ್ಕಿತು. ಆ ವರ್ಷ ಪಂದ್ಯಕ್ಕೆ ಸರಾಸರಿ 1.95 ಗೋಲು. ಆಮೇಲೆ ಆರು ವೆಜಿನಾ, ಎರಡು ಹಾರ್ಟ್, 1998ರ ನಗಾನೊ ಒಲಿಂಪಿಕ್ಸ್‌ನಲ್ಲಿ ಚಿನ್ನ. ಸೆಮಿಫೈನಲ್ ಶೂಟೌಟ್‌ನಲ್ಲಿ ಕೆನಡಾದ ಐವರೂ ಬಂದು ಹೊಡೆದರು, ಐವರನ್ನೂ ತಡೆದರು. ಆ ಮನುಷ್ಯನನ್ನು ಹಿಡಿದು ತಿದ್ದಲು ಹೋಗಿದ್ದರೆ ಏನಾಗುತ್ತಿತ್ತು? ಕೈ ಹಾಕದೆ ಬಿಡುವುದೂ ಕೋಚಿಂಗೇ. ಅದಕ್ಕೆ ಯಾವ ಅಂಕಿಯಲ್ಲೂ ಜಾಗ ಇಲ್ಲ.

ಈಗ ಬೆನ್ವಾ ಅವರ ಸೋದರ, ಫ್ರಾಂಸ್ವಾ ಅಲೇರ್. ಗೋಲ್‌ಕೀಪರ್ ಪ್ಯಾಟ್ರಿಕ್ ರುವಾ ಅವರನ್ನು ತಿದ್ದಿದವರು ಅಂತ ಎಲ್ಲರಿಗೂ ಗೊತ್ತು. ರುವಾ ಜೂನಿಯರ್ ಆಟದಲ್ಲಿ ಪಂದ್ಯಕ್ಕೆ ಸರಾಸರಿ ನಾಲ್ಕಕ್ಕೂ ಹೆಚ್ಚು ಗೋಲು ಬಿಡುತ್ತಿದ್ದ ಹುಡುಗ. 1985ರಲ್ಲಿ ಮಾಂಟ್ರಿಯಲ್‌ನ ಕೈಕೆಳಗಿನ ಶೆರ್‌ಬ್ರೂಕ್ ತಂಡದಲ್ಲಿ ಅಲೇರ್ ಕೈಗೆ ಸಿಕ್ಕಿದ. ಮಂಡಿಯೂರಿ ಎರಡೂ ಕಾಲು ಅಗಲಿಸಿ ಗೋಲ್‌ನ ಕೆಳಭಾಗ ಮುಚ್ಚುವ ಬಟರ್‌ಫ್ಲೈ ಶೈಲಿಯನ್ನು ಇಬ್ಬರೂ ಸೇರಿ ಒಂದು ಶಾಸ್ತ್ರ ಮಾಡಿದರು. 1986ರಲ್ಲಿ, 20ರ ವಯಸ್ಸಿಗೆ, ರುವಾ ಮಾಂಟ್ರಿಯಲ್‌ಗೆ ಸ್ಟ್ಯಾನ್ಲಿ ಕಪ್ ಗೆದ್ದುಕೊಟ್ಟರು. ಅದೇ ಅಲೇರ್ ಆಮೇಲೆ ಆನಹೈಮ್‌ ತಂಡಕ್ಕೆ ಹೋಗಿ ಗೋಲ್‌ಕೀಪರ್ ಜಿಗೇರ್‌ಗೆ ಕಲಿಸಿದರು. ಜಿಗೇರ್ 2003ರಲ್ಲಿ ಫೈನಲ್ ಸೋತ ತಂಡದಲ್ಲಿದ್ದೂ ಪ್ಲೇಆಫ್‌ನ (ಸೀಸನ್ ಮುಗಿದ ಮೇಲೆ ಕಪ್‌ಗಾಗಿ ನಡೆಯುವ ಸುತ್ತು) ಅತ್ಯುತ್ತಮ ಆಟಗಾರ ಅನ್ನಿಸಿಕೊಂಡರು, 2007ರಲ್ಲಿ ಕಪ್ಪನ್ನೂ ಗೆದ್ದರು.

ಆಮೇಲೆ 2009ರಲ್ಲಿ ಅಲೇರ್ ಟೊರೊಂಟೊಗೆ ಬಂದರು. ನಗುತ್ತಿದ್ದೀರಿ, ಮುಂದಿನದು ಗೊತ್ತಿದೆ ಅಂತಾಯಿತು. 2010ರಲ್ಲಿ ಜಿಗೇರ್ ಕೂಡ ಇಲ್ಲಿಗೇ ಬಂದರು. ಅದೇ ಕೋಚ್, ಅದೇ ಗೋಲ್‌ಕೀಪರ್. ಆಟ ಸಾಧಾರಣ. ಅಲೇರ್ ಇದ್ದ ಮೂರು ಸೀಸನ್‌ನಲ್ಲಿ ಲೀಫ್ಸ್ ಒಮ್ಮೆಯೂ ಪ್ಲೇಆಫ್ ಮುಟ್ಟಲಿಲ್ಲ. 2013ರಲ್ಲಿ ಅಲೇರ್ ಕೊಲರಾಡೊಗೆ ಹೋದರು, ಅಲ್ಲಿ ಮುಖ್ಯ ಕೋಚ್ ಆಗಿದ್ದವರು ಅವರ ಶಿಷ್ಯ ರುವಾ. ಅಲ್ಲಿನ ಗೋಲ್‌ಕೀಪರ್ ವರ್ಲಾಮೊವ್ ಅಂಕಿ ಒಂದೇ ವರ್ಷದಲ್ಲಿ .903ರಿಂದ .927! ಕೋಚ್‌ಗೆ ಬುದ್ಧಿ ಬಂದು ಹೋಗಿ ಮಾಡಲ್ಲ. ಅವರ ಸುತ್ತ ಇರುವುದು ಬದಲಾಗುತ್ತದೆ.

ಇಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಬಗ್ಗೆ ಒಂದು ಮಾತು ಹೇಳಲೇಬೇಕು. ಒಂದು ಕಾಲದಲ್ಲಿ ಎನ್‌ಎಚ್‌ಎಲ್ ತುಂಬ ಕ್ವಿಬೆಕ್ ಗೋಲ್‌ಕೀಪರ್‌ಗಳೇ. ರುವಾ, ಬ್ರಾಡರ್, ಲುವಾಂಗೊ, ತಿಯೊಡೋರ್, ಜಿಗೇರ್, ಫ್ಲೂರಿ. 2010ರ ದಶಕದ ಕೊನೆಗೆ ಹುಡುಕಿದರೂ ಸಿಗುವುದು ಕಷ್ಟವಾಯಿತು. ನನ್ನ ಅಭಿಪ್ರಾಯ ಕೇಳಿದರೆ, ಅಲೇರ್ ಪಾಠ ಗೆದ್ದ ಮೇಲೆ ಅದನ್ನು ಊರೂರಲ್ಲಿ ಎರಕ ಹೊಯ್ದರು. ಮಂಡಿಯೂರು, ಮುಚ್ಚು, ಕಾಯಿ. ಹೊಡೆಯುವವರು ಅದನ್ನು ಕಲಿತುಕೊಂಡು ಅಡ್ಡ ಪಾಸ್ ಕೊಟ್ಟು ಮೇಲೆ ಹೊಡೆಯತೊಡಗಿದರು. ಪಾಠ ಮಾತ್ರ ಹಳೆಯದೇ ಉಳಿಯಿತು.

ಅದೇ ಹೊತ್ತಿಗೆ 55 ಲಕ್ಷ ಜನ ಇರುವ ಫಿನ್ಲೆಂಡ್ ಮೇಲೆ ಬಂತು. ಅಲ್ಲಿ ಟುರ್ಕು ಊರಲ್ಲಿ ಉರ್ಪೊ ಉಲೊನೆನ್ ಅನ್ನುವ ಹಳೆಯ ಗೋಲ್‌ಕೀಪರ್ ಎಷ್ಟೋ ವರ್ಷ ಹುಡುಗರಿಗೆ ಕಲಿಸಿದರು. ಅವರ ಕೈಯಲ್ಲಿ ಬೆಳೆದವರು ಮೀಕ ಕಿಪ್ರುಸೋಫ್, 2006ರ ವೆಜಿನಾ. ಆಮೇಲೆ ಫಿನ್ಲೆಂಡ್‌ನ ಇನ್ನಿಬ್ಬರಿಗೂ ವೆಜಿನಾ ಬಂತು, 2014ರಲ್ಲಿ ತೂಕ ರಾಸ್ಕ್, 2018ರಲ್ಲಿ ಪೆಕ್ಕ ರಿನ್ನೆ. ಅಲ್ಲಿನ ಲೀಗ್‌ನಲ್ಲಿ ಅತ್ಯುತ್ತಮ ಗೋಲ್‌ಕೀಪರ್‌ಗೆ ಕೊಡುವ ಪ್ರಶಸ್ತಿಗೆ ಉಲೊನೆನ್ ಹೆಸರೇ ಇಟ್ಟಿದ್ದಾರೆ. ಕೋಚಿಂಗ್ ಪ್ರಭಾವ ಕಣ್ಣಿಗೆ ರಾಚುವುದು ಇಂಥಲ್ಲಿ. ಹನ್ನೆರಡು ವರ್ಷದ ನೂರಾರು ಮಕ್ಕಳಿಗೆ ಬುನಾದಿ ಸರಿಯಾಗಿ ಸಿಕ್ಕರೆ ಅದರಲ್ಲಿ ಹತ್ತು ಜನ ಮೇಲೆ ಬರುತ್ತಾರೆ. 28 ವರ್ಷದ ಸ್ಟಾರ್‌ಗೆ ಹೊಸ ಕೋಚ್ ತಂದರೆ ಐದು ಗೋಲು ಉಳಿಯಬಹುದು, ಅಷ್ಟೇ.

ಕಿಪ್ರುಸೋಫ್ ಹೆಸರು ಬಂತಲ್ಲ, ಅವರ ಕತೆಯಲ್ಲಿ ಇನ್ನೊಂದು ಸಂಗತಿ ಇದೆ. 2003ರಲ್ಲಿ ಅವರು ಸ್ಯಾನ್ ಹೋಸೆ ತಂಡದ ಮೂರನೇ ಗೋಲ್‌ಕೀಪರ್. ಅಲ್ಲಿ ಹಿಂದೆ ಕೋಚ್ ಆಗಿದ್ದ ಡ್ಯಾರಿಲ್ ಸಟ್ಟರ್ ಆಗ ಕ್ಯಾಲ್ಗರಿಯಲ್ಲಿದ್ದರು. ಹುಡುಗನ ಆಟ ಗೊತ್ತಿತ್ತು, ಕರೆಸಿಕೊಂಡರು. ಆ ಸೀಸನ್‌ನಲ್ಲಿ ಪಂದ್ಯಕ್ಕೆ 1.69 ಗೋಲು, ತಂಡ ಫೈನಲ್‌ಗೆ. ಯಾರನ್ನು ಆಡಿಸಬೇಕು ಅನ್ನುವ ತೀರ್ಮಾನ ಇದೆಯಲ್ಲ, ಅದರ ಮುಂದೆ ಡ್ರಿಲ್ ಗಿಲ್ ಎಲ್ಲ ಚಿಕ್ಕದು. ಇದರ ಉಲ್ಟಾ ಉದಾಹರಣೆ 1980ರ ಲೇಕ್ ಪ್ಲಾಸಿಡ್ ಒಲಿಂಪಿಕ್ಸ್. ಅಮೆರಿಕದ ಕಾಲೇಜು ಹುಡುಗರ ಎದುರು ಮೊದಲ ಪೀರಿಯಡ್ 2-2 ಆಯಿತು ಅಂತ ಸೋವಿಯತ್ ಕೋಚ್ ಟಿಖೊನೊವ್ ಆಗಿನ ಕಾಲದ ಮಹಾನ್ ಗೋಲ್‌ಕೀಪರ್ ಟ್ರೆಟಿಯಾಕ್‌ನ್ನೇ ಕೂರಿಸಿಬಿಟ್ಟರು. 4-3ಕ್ಕೆ ಸೋತರು. ಅದು ತಮ್ಮ ದೊಡ್ಡ ತಪ್ಪು ಅಂತ ಟಿಖೊನೊವ್ ಆಮೇಲೆ ಒಪ್ಪಿಕೊಂಡರು.

ನನ್ನ ಮಾತು ಮುಗಿದ ಮೇಲೆ, ಕೇಳುತ್ತಾ ಕೂತಿದ್ದವರಲ್ಲಿ ಒಬ್ಬರು ತಾಯಿ ಕೇಳಿದರು: "ನನ್ನ ಮಗನಿಗೆ ಒಂಬತ್ತು ವರ್ಷ ಸರ್. ಗೋಲ್‌ಕೀಪರ್ ಕೋಚ್‌ಗೆ ಈಗಲೇ ಹಾಕಬೇಕಾ?"

ಈಗಲೇ ಬೇಡಮ್ಮ. ಆ ದುಡ್ಡನ್ನು ಸ್ಕೇಟಿಂಗ್ ಕ್ಲಾಸಿಗೆ ಹಾಕಿ. ಗೋಲ್‌ಕೀಪರ್ ತಂಡದಲ್ಲೇ ಒಳ್ಳೆಯ ಸ್ಕೇಟರ್ ಆಗಿರಬೇಕು, ಜಾಗಕ್ಕೆ ಜಾರಿ ಹೋಗಲು ಬರದಿದ್ದರೆ ಯಾವ ಕೋಚ್ ಏನು ಹೇಳಿದರೂ ವ್ಯರ್ಥ. ಮುಂದಿನ ವಾರ ಪ್ರಾಕ್ಟೀಸ್‌ಗೆ ಹೋದಾಗ ಗಡಿಯಾರ ನೋಡಿಕೊಂಡು ಕೂತಿರಿ. ಒಂದು ಗಂಟೆಯಲ್ಲಿ ನಿಮ್ಮ ಮಗನಿಗೆ ಅಂತ ಎಷ್ಟು ನಿಮಿಷ ಸಿಕ್ಕಿತು, ಎಷ್ಟು ಹೊತ್ತು ಬರೀ ಗುರಿಹಲಗೆ ತರಹ ನಿಂತಿದ್ದ ಅಂತ ಬರೆದುಕೊಳ್ಳಿ. ಹೆಚ್ಚಿನ ತಂಡಗಳಲ್ಲಿ ಆ ಮಕ್ಕಳಿಗೆ ಸಿಗುವುದು ಹೊಡೆತ ಮಾತ್ರ, ಪಾಠ ಇಲ್ಲ. ಆ ಚೀಟಿ ತೋರಿಸಿ ಹತ್ತು ನಿಮಿಷ ಕೇಳಿ. ಹನ್ನೊಂದು ಹನ್ನೆರಡರ ಹೊತ್ತಿಗೆ ಅವನಿಗೆ ಇನ್ನೂ ಗೋಲ್‌ನಲ್ಲೇ ನಿಲ್ಲುವ ಆಸೆ ಇದ್ದರೆ ಆಗ ಕೋಚ್ ಹುಡುಕಿ. ಸಿಕ್ಕವರು ಒಳ್ಳೆಯವರು ಅನ್ನಿಸಿದರೆ ಎರಡು ಮೂರು ಸೀಸನ್ ಅವರ ಹತ್ತಿರವೇ ಬಿಡಿ, ಒಂದು ಟೂರ್ನಮೆಂಟ್ ಕೆಟ್ಟಿತು ಅಂತ ಬದಲಿಸಬೇಡಿ.